ಮಸೀದಿ ಮಗ್ಗುಲಿನ ಕೋಣೆ ಹಿಡಿಯಲೇ ಎಂದು ಕೇಳಿದ ಸಿಂಧನೂರಿನ ತಂಗಿಗೆ

ತಂಗೆವ್ವಾ, ನಿನ್ನ ಪ್ರಶ್ನೆ ಎರಡು ಸಲ ಓದಿದೆ. ಸೆಪ್ಟೆಂಬರಿನಲ್ಲಿ ಓದಲು ಲಂಡನ್ನಿಗೆ ಬರುತ್ತಿದ್ದೀ. ಪೂರ್ವ ಲಂಡನ್ನಿನ ಮ್ಯಾನರ್ ಪಾರ್ಕಿನಲ್ಲಿ ಒಂದು ಕೋಣೆ ಸಿಕ್ಕಿದೆ, ಬಾಡಿಗೆ ಕೈಗೆಟುಕುತ್ತದೆ, ಆದರೆ ಮಗ್ಗುಲಲ್ಲೇ ಮಸೀದಿ, ಎದುರಿಗೆ ಆಫ್ರಿಕಾದವರ ಚರ್ಚು. ಅಪ್ಪಾಜಿ "ನಮ್ಮ ಮಂದಿ ಇರೋ ಕಡೆ ನೋಡವ್ವ" ಅನ್ನುತ್ತಿದ್ದಾರೆ. ಅಲ್ಲಿ ಗಲಾಟೆ ಆಗುತ್ತದೆಯೇ, ಕಷ್ಟ ಬಂದರೆ ಯಾರು ಆಗುತ್ತಾರೆ ಎಂದು ಕೇಳಿದ್ದೀ.

ನಾನು ಮುದಗಲ್ಲಿನವಳು. 2008ರಿಂದ ಇಲ್ಲೇ ಇದ್ದೇನೆ, ನೀನು ನೋಡಿರುವ ಕೋಣೆಯಿಂದ ಹತ್ತು ನಿಮಿಷ ನಡೆದರೆ ನಮ್ಮ ಮನೆ. ಕೋಣೆ ಹಿಡಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ನಮ್ಮ ಮಂದಿಯ ಮಾತು. ಮ್ಯಾನರ್ ಪಾರ್ಕ್, ಈಸ್ಟ್ ಹ್ಯಾಮ್ ಸುತ್ತ ಮುರುಗನ್ ಗುಡಿ ಇದೆ, ಮಹಾಲಕ್ಷ್ಮಿ ಗುಡಿ ಇದೆ, ಇಡ್ಲಿ ದೋಸೆ ಸಿಗುತ್ತದೆ, ಜೋಳದ ಹಿಟ್ಟೂ ಸಿಗುತ್ತದೆ. ತಮಿಳರು, ತೆಲುಗರು, ಮಲಯಾಳಿಗಳು ಹೆಚ್ಚು. ಕನ್ನಡದವರು ಅಲ್ಲೊಬ್ಬರು ಇಲ್ಲೊಬ್ಬರು. ಯುಗಾದಿ, ರಾಜ್ಯೋತ್ಸವಕ್ಕೆ ಸೇರುತ್ತೇವೆ, ಆವತ್ತು ಮನಸ್ಸು ತುಂಬಿ ಬರುತ್ತದೆ. ಅದನ್ನು ಬಿಡು ಅಂತ ನಾನು ಹೇಳುವುದಿಲ್ಲ. ಆದರೆ ಬಂದ ಮೊದಲ ಎರಡು ವರ್ಷ ನಾವು ಗಂಡ ಹೆಂಡತಿ ನಾಲ್ಕು ಕನ್ನಡ ಮನೆ ಬಿಟ್ಟು ಬೇರೆ ಹೊಸಿಲು ತುಳಿಯಲಿಲ್ಲ. ಆ ನಾಲ್ಕೂ ಮನೆಯವರು ನಮ್ಮಂತೆಯೇ ಹೊಸಬರು. ನಮಗೆ ಗೊತ್ತಿಲ್ಲದ್ದು ಅವರಿಗೂ ಗೊತ್ತಿರಲಿಲ್ಲ.

ನನ್ನ ಗಂಡ ಹಗಲು ಒಂದು ಉಗ್ರಾಣದಲ್ಲಿ ದುಡಿದು, ರಾತ್ರಿ ದೊಡ್ಡ ಕಚೇರಿ ಕಟ್ಟಡವೊಂದರ ಕಸ ಗುಡಿಸುತ್ತಿದ್ದ. ಗುತ್ತಿಗೆಯವರು ನಾಲ್ಕು ತಾಸು ದುಡಿಸಿಕೊಂಡು ಮೂರು ತಾಸಿನ ಕೂಲಿ ಬರೆಯುತ್ತಿದ್ದರು. ಆತ ಸುಮ್ಮನಿದ್ದ. ನಮ್ಮ ಕಡೆಯಿಂದ ಗುಳೆ ಹೋದವರು ಬೆಂಗಳೂರಿನ ಕಟ್ಟಡಗಳಲ್ಲಿ ಹೇಗೆ ಸುಮ್ಮನಿರುತ್ತಾರೋ ಹಾಗೆ. ದೂರದ ಊರು, ಯಾರನ್ನು ಕೇಳೋದು? ಮಗಳು ಹುಟ್ಟಿ ಆರು ತಿಂಗಳಾಗಿದ್ದರೂ ಅವಳು ಎಚ್ಚರ ಇರುವಾಗ ಆತ ಮನೆಯಲ್ಲಿ ಇದ್ದದ್ದೇ ಕಡಿಮೆ.

ದಾರಿ ತೋರಿಸಿದವಳು ಮೇಲಿನ ಮಹಡಿಯ ಹೆಂಗಸು. ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವಳು, ಬುರ್ಖಾ ತೊಡುವವಳು. ಎರಡು ವರ್ಷ ಮೆಟ್ಟಿಲಲ್ಲಿ ಎದುರಾದರೂ ಒಂದು ಮಾತು ಆಡಿರಲಿಲ್ಲ. ಒಂದು ದಿನ ಮಗು ಅಳುವುದು ಕೇಳಿ ಕೆಳಗಿಳಿದು ಬಂದಳು. ನನ್ನ ಮುಖ ನೋಡಿ, ಗುರುವಾರ ಸಂಜೆ ನನ್ನ ಜೊತೆ ಬಾ ಅಂದಳು. ಎಲ್ಲಿಗೆ ಅಂದರೆ, ಚರ್ಚಿಗೆ ಅಂದಳು!

ಚರ್ಚಿನ ಹಿಂದಿನ ಹಜಾರದಲ್ಲಿ ಕುರ್ಚಿಗಳನ್ನು ಸುತ್ತಲೂ ಇಟ್ಟಿದ್ದರು. ನೈಜೀರಿಯಾದ ಅಮ್ಮಂದಿರು, ವಯಸ್ಸಾದ ಒಬ್ಬ ಐರಿಶ್ ಸಿಸ್ಟರ್, ಬಸ್ಸು ಓಡಿಸುವ ಸರ್ದಾರ, ಮಸೀದಿಯ ಕಮಿಟಿಯವರು ಇಬ್ಬರು. ಪ್ರಾರ್ಥನೆ ಎರಡೇ ನಿಮಿಷ. ಆಮೇಲೆ ಇಬ್ಬಿಬ್ಬರಾಗಿ ಕೂತು ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ರಾತ್ರಿ ನಿನಗೆ ನಿದ್ದೆ ಬರದಂತೆ ಮಾಡುವುದು ಏನು? ನನ್ನ ಎದುರಿಗೆ ಕೂತಾಕೆ ಲಾಗೋಸಿನವಳು. ಅವಳು ಹೇಳಿದ್ದು, ಎರಡು ಕೆಲಸ ಮಾಡುತ್ತೇನೆ, ಮಕ್ಕಳ ಹೋಂವರ್ಕ್ ನೋಡಿ ಒಂದು ವರ್ಷವಾಯಿತು. ನನ್ನ ಗಂಡನ ಕಥೆಯನ್ನೇ ಅವಳು ಹೇಳುತ್ತಿದ್ದಳು. ನನಗೆ ಕಣ್ಣೀರು ಬಂತು. ಮುರುಕು ಇಂಗ್ಲಿಷಿನಲ್ಲಿ ನಾನೂ ಹೇಳಿದೆ. ಯಾರೂ ನಿನ್ನ ದೇವರು ಯಾರು ಅಂತ ಕೇಳಲಿಲ್ಲ. ನೀನು ಯಾವ ಕಟ್ಟಡದಲ್ಲಿ ಕೆಲಸ ಮಾಡುತ್ತೀ, ಪೇಸ್ಲಿಪ್ ಇದೆಯೇ ಅಂತ ಕೇಳಿದರು.

ಇದರ ಹಿನ್ನೆಲೆ ನಿನಗೆ ಗೊತ್ತಿರಲಿ. ಪೂರ್ವ ಲಂಡನ್ನಿನ ಚರ್ಚು, ಮಸೀದಿ, ಶಾಲೆ, ಕಾರ್ಮಿಕ ಸಂಘಗಳು ಸೇರಿ 1996ರಲ್ಲಿ ಟೆಲ್ಕೋ ಅಂತ ಒಂದು ಒಕ್ಕೂಟ ಕಟ್ಟಿದವು. ಈಗ ಅದು ಸಿಟಿಜನ್ಸ್ ಯುಕೆ ಎಂಬ ದೇಶದ ಜಾಲದ ಭಾಗ. ಸಾಲ್ ಅಲಿನ್ಸ್ಕಿ ಎಂಬುವರು ಅಮೆರಿಕದ ಶಿಕಾಗೋದ ಬಡ ಕೇರಿಗಳಲ್ಲಿ ರೂಢಿಸಿದ ಪದ್ಧತಿ ಇದರ ಬೇರು. ಮೊದಲು ಜನರ ಮಾತು ಕೇಳು, ಎಲ್ಲರಿಗೂ ನೋಯುವ ಒಂದು ವಿಷಯ ಹಿಡಿ, ಅದನ್ನು ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಮುಂದೆ ಒಟ್ಟಿಗೆ ಹೋಗಿ ನಿಲ್ಲು. 2001ರಲ್ಲಿ ಇವರು ಹಿಡಿದ ವಿಷಯ ಕೂಲಿ. ಎರಡು ಮೂರು ಕಡೆ ದುಡಿಯುವ ತಂದೆತಾಯಿಗಳು ತಮ್ಮ ಮಕ್ಕಳ ಮುಖ ನೋಡಲಾಗುತ್ತಿಲ್ಲ ಅಂತ ಇಂಥವೇ ಹಜಾರಗಳಲ್ಲಿ ಹೇಳಿಕೊಂಡರು. ಅದರಿಂದ ಲಿವಿಂಗ್ ವೇಜ್ ಚಳವಳಿ ಹುಟ್ಟಿತು. ಅಂದರೆ ಕಾನೂನು ಹೇಳಿದ ಕನಿಷ್ಠ ಕೂಲಿ ಅಲ್ಲ, ಈ ಊರಿನ ಬಾಡಿಗೆ, ಬಸ್ಸು, ರೊಟ್ಟಿಯ ಬೆಲೆ ಲೆಕ್ಕ ಹಾಕಿ, ಬದುಕಲು ಬೇಕಾದ ಕೂಲಿ. 2008ರ ಅಕ್ಟೋಬರಿನಿಂದ ಸರ್ಕಾರದ ಕನಿಷ್ಠ ಕೂಲಿ ತಾಸಿಗೆ 5.73 ಪೌಂಡ್ ಇತ್ತು, ಆ ವರ್ಷದ ಲಂಡನ್ ಲಿವಿಂಗ್ ವೇಜ್ 7.45. ವಾರಕ್ಕೆ 40 ತಾಸು ಹಿಡಿದರೆ ಸುಮಾರು 69 ಪೌಂಡ್ ಅಂತರ. ಆ 69 ಪೌಂಡಿನಲ್ಲಿ ನನ್ನ ಮಗಳಿಗೆ ಅಪ್ಪ ಸಿಗುತ್ತಾನೋ ಇಲ್ಲವೋ ಎಂಬುದು ಇತ್ತು.

ನಾವು ಹೋದದ್ದು ಚಳವಳಿ ಆಗಲೇ ಬೆಳೆದಿದ್ದಾಗ. ಒಂದು ಸಭೆ ನೆನಪಿದೆ. ಹಜಾರ ತುಂಬಿ ಜನ, ವೇದಿಕೆ ಮೇಲೆ ಆಡಳಿತದವರು. ಒಬ್ಬ ಇಮಾಮ್ ಮತ್ತು ಒಬ್ಬ ಪಾದ್ರಿ ಇಬ್ಬರೂ ಸೇರಿ ಸಭೆ ನಡೆಸಿದರು. ನನ್ನ ಗಂಡ ಎರಡು ನಿಮಿಷ ಮಾತಾಡಿದ, ನಾಲ್ಕು ದಿನ ಕನ್ನಡಿ ಮುಂದೆ ಅಭ್ಯಾಸ ಮಾಡಿಕೊಂಡು. ಆಮೇಲೆ ವೇದಿಕೆಯವರಿಗೆ ಒಂದೇ ಪ್ರಶ್ನೆ: ಲಿವಿಂಗ್ ವೇಜ್ ಕೊಡುತ್ತೀರೋ ಇಲ್ಲವೋ? ಹೌದು ಅಥವಾ ಇಲ್ಲ, ಅಷ್ಟೇ ಉತ್ತರ. ಆ ಕಟ್ಟಡದಲ್ಲಿ ಕೂಲಿ ಏರಲು ಎರಡು ವರ್ಷ ಹಿಡಿಯಿತು. ಕದ್ದ ತಾಸುಗಳ ಲೆಕ್ಕ ಅದಕ್ಕೂ ಮೊದಲೇ ಸರಿಹೋಯಿತು. ಯಾಕೆಂದರೆ ಪೇಸ್ಲಿಪ್ ಹಿಡಿದು ನಿಂತವನು ಈಗ ಒಬ್ಬನೇ ಆಗಿರಲಿಲ್ಲ.

ನಾನು ಮುದಗಲ್ಲಿನವಳು ಅಂದೆನಲ್ಲ. ಮೊಹರಂ ಬಂದರೆ ನಮ್ಮೂರು ಹೇಗಿರುತ್ತದೆ ಅಂತ ಸಿಂಧನೂರಿನವಳಾದ ನಿನಗೆ ಬಿಡಿಸಿ ಹೇಳಬೇಕಿಲ್ಲ. ಅಲಾಯಿ ಕುಣಿಯ ಬೆಂಕಿ ಸುತ್ತ ಹೆಜ್ಜೆ ಹಾಕುವವರಲ್ಲಿ ಯಾರು ಯಾವ ಜಾತಿ ಅಂತ ಹೇಳಲಾಗದು. ನಮ್ಮವ್ವ ಹರಕೆ ಹೊತ್ತು ನನಗೆ ಫಕೀರ್ ಮಾಡಿಸಿದ್ದಳು, ಕೈಗೆ ಲಾಡಿ ಕಟ್ಟಿಸಿ ಸಕ್ಕರೆ ಓದಿಸಿದ್ದಳು. ಮನೆಯಲ್ಲಿ ಚೊಂಗೆ ಎಂಬ ಸಿಹಿ ತಿನಿಸು ಮಾಡುತ್ತಿದ್ದಳು. ರಿವಾಯತ್ ಅನ್ನುವ ಕನ್ನಡದ ಮೊಹರಂ ಪದ ಕೇಳುತ್ತಾ ಕತ್ತಲ್ ರಾತ್ರಿ ಬೆಳಗು ಮಾಡಿದ್ದೇನೆ. ಅದೇ ಊರಿನಲ್ಲಿ 16ನೇ ಶತಮಾನದಿಂದ ಕ್ರೈಸ್ತರೂ ಇದ್ದಾರೆ. ಕೂಡಿ ಬಾಳುವುದನ್ನು ಲಂಡನ್ ನನಗೆ ಕಲಿಸಬೇಕಿರಲಿಲ್ಲ. ಆದರೆ ಈಗ ಯೋಚಿಸಿದರೆ ಒಂದು ವಿಷಯ ಚುಚ್ಚುತ್ತದೆ. ಹಬ್ಬ ನಾವು ಒಟ್ಟಿಗೆ ಮಾಡಿದೆವು, ಕಷ್ಟ ಮಾತ್ರ ಬೇರೆ ಬೇರೆಯಾಗಿ ಪಟ್ಟೆವು. ಬೇಸಿಗೆಯಲ್ಲಿ ಕೊಡ ಹಿಡಿದು ಪ್ರತಿ ಓಣಿಯೂ ತನ್ನ ನೀರಿಗೆ ತಾನೇ ಅಲೆಯಿತು. ಅಲಾಯಿ ಮುಂದೆ ಸೇರಿದ ಅದೇ ಜನ ಒಂದೇ ಒಂದು ದಿನ ನೀರಿಗಾಗಿ ಸೇರಿದ್ದರೆ ಏನಾಗುತ್ತಿತ್ತು?

ಆಗುವುದಿಲ್ಲ ಅಂತಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮಿಗಳು ಹಿರೇಹಳ್ಳದ ಹೂಳು, ಕಸ ತೆಗೆಸಲು ಮುಂದಾದಾಗ ಸುತ್ತಲಿನ ಹಳ್ಳಿಗಳ ಜನ ಕೈಜೋಡಿಸಿದರು. ಹಳ್ಳ ಮತ್ತೆ ಹರಿದದ್ದು ನೀನೂ ಸುದ್ದಿಯಲ್ಲಿ ನೋಡಿರುತ್ತೀ. ಆ ಸುದ್ದಿ ಓದಿದ ದಿನ ನಾನು ಇಲ್ಲಿನ ಗೆಳತಿಯರಿಗೆಲ್ಲ ಫೋಟೋ ತೋರಿಸಿ, ಇದು ನಮ್ಮ ಕಡೆಯದು ಅಂತ ಹೇಳಿಕೊಂಡು ತಿರುಗಿದೆ.

ಇಲ್ಲಿ ಸರ್ವಧರ್ಮ ಸಭೆಗಳೂ ನಡೆಯುತ್ತವೆ. ದೀಪ ಹಚ್ಚಿ, ಆರು ಧರ್ಮದವರು ಆರು ಭಾಷಣ ಮಾಡಿ, ಸಮೋಸ ತಿಂದು ಮನೆಗೆ ಹೋಗುವ ಸಭೆಗಳು. ಅಂಥ ಹಲವಕ್ಕೆ ಹೋಗಿದ್ದೇನೆ. ಎಲ್ಲ ಧರ್ಮದ ಸಾರ ಒಂದೇ ಎಂಬ ಭಾಷಣ ಕೇಳಿದ ಮೇಲೂ ಪಕ್ಕದಲ್ಲಿ ಕೂತವಳ ಹೆಸರು ನನಗೆ ಗೊತ್ತಾಗಿರುವುದಿಲ್ಲ. ಹಾಗಂತ ಅವು ಬೇಡವೆಂದು ನಾನು ಹೇಳಲಾರೆ. ಬೇರೆ ಬೇರೆ ಧರ್ಮದವರನ್ನು ಜೋಡಿಸಲು 1987ರಲ್ಲಿ ಶುರುವಾದ ಇಂಟರ್ ಫೇಯ್ತ್ ನೆಟ್‌ವರ್ಕ್ ಎಂಬ ಸಂಸ್ಥೆ ಸರ್ಕಾರದ ಹಣ ನಿಂತು 2024ರಲ್ಲಿ ಮುಚ್ಚಿದಾಗ ನನಗೆ ನಿಜವಾಗಿ ನೋವಾಯಿತು. ಧರ್ಮಗುರುಗಳು ಒಬ್ಬರ ಫೋನ್ ನಂಬರ್ ಒಬ್ಬರು ಇಟ್ಟುಕೊಂಡಿರುವುದು ಸಣ್ಣ ಮಾತಲ್ಲ. ಕೆಟ್ಟ ಗಳಿಗೆಯಲ್ಲಿ ಮೊದಲು ಬೇಕಾಗುವುದು ಆ ನಂಬರೇ.

ಕೆಟ್ಟ ಗಳಿಗೆ ಬರುತ್ತದೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. 2022ರಲ್ಲಿ ಲೆಸ್ಟರ್ ನಗರದಲ್ಲಿ ಹಿಂದೂ ಮುಸ್ಲಿಂ ಹುಡುಗರ ನಡುವೆ ಗಲಾಟೆ ಆಯಿತು, ಮೊಬೈಲಿನಲ್ಲಿ ಹರಿದಾಡಿದ ಸುಳ್ಳುಗಳು ಬೆಂಕಿಗೆ ತುಪ್ಪ ಸುರಿದವು. ಆ ವಾರ ಊರಿನಲ್ಲಿ ಹರಿದಾಡಿದ ವಿಡಿಯೋಗಳನ್ನು ನೋಡಿ ನಮ್ಮಣ್ಣ, ಮನೆ ಬಿಟ್ಟು ಹೊರಗೆ ಹೋಗಬ್ಯಾಡ ಅಂತ ಫೋನ್ ಮಾಡಿದ್ದ. ಲೆಸ್ಟರ್ ನಮ್ಮಿಂದ ನೂರು ಮೈಲಿ ದೂರ. 2024ರ ಜುಲೈ ಕೊನೆಯಲ್ಲಿ ಸೌತ್‌ಪೋರ್ಟಿನಲ್ಲಿ ಮೂವರು ಪುಟ್ಟ ಹೆಣ್ಣುಮಕ್ಕಳ ಕೊಲೆಯಾಯಿತು. ಕೊಂದವನು ಯಾರೆಂಬ ಬಗ್ಗೆ ಸುಳ್ಳು ಸುದ್ದಿ ಹಬ್ಬಿ ಮರುದಿನವೇ ಅಲ್ಲಿನ ಮಸೀದಿಗೆ ಕಲ್ಲು ಬಿತ್ತು. ಮುಂದೆ ಹಲವು ಊರುಗಳಲ್ಲಿ ದಂಗೆ. ನಮ್ಮಂಥ ಮೈಬಣ್ಣದವರೆಲ್ಲ ಹೆದರಿದ್ದೆವು, ಯಾವ ಧರ್ಮವೆಂದು ನೋಡಿ ಕಲ್ಲು ಬೀಸುವವರಲ್ಲ ಅವರು. ಆದರೆ ಅದೇ ಸೌತ್‌ಪೋರ್ಟಿನಲ್ಲಿ ಬೆಳಗಾದ ಮೇಲೆ ಊರವರು ಬಂದು ಬೀದಿ ಗುಡಿಸಿದರು, ಮಸೀದಿಯ ಒಡೆದ ಗೋಡೆಯನ್ನು ಮತ್ತೆ ಕಟ್ಟಿಕೊಟ್ಟರು. ಆ ವಾರ ನಮ್ಮ ಗುರುವಾರದ ಗುಂಪಿನವರು ಸರದಿ ಮೇಲೆ ಮಸೀದಿಯ ಬಾಗಿಲಲ್ಲಿ ನಿಂತೆವು. ನಾನೂ ಎರಡು ಸಂಜೆ ನಿಂತೆ. ಏನೂ ಆಗಲಿಲ್ಲ, ಚಹಾ ಕುಡಿದು ಬಂದೆವು. ಆದರೂ ಅಲ್ಲಿ ನಿಂತದ್ದು ನನ್ನ ಬದುಕಿನ ಒಳ್ಳೆಯ ಕೆಲಸಗಳಲ್ಲಿ ಒಂದು ಅಂತ ಇಟ್ಟುಕೊಂಡಿದ್ದೇನೆ.

ಪಶ್ಚಿಮ ಲಂಡನ್ನಿನ ಗ್ರೆನ್‌ಫೆಲ್ ಟವರಿನ ಬೆಂಕಿಯ ಮಾತು ನೀನು ಬಂದ ಮೇಲೆ ಖಂಡಿತ ಕೇಳುತ್ತೀ. 2017ರ ಜೂನ್ 14, ರಂಜಾನ್ ತಿಂಗಳು. ನಡುರಾತ್ರಿ 24 ಮಹಡಿಯ ಕಟ್ಟಡಕ್ಕೆ ಬೆಂಕಿ ಹತ್ತಿತು, 72 ಜನ ಸತ್ತರು. ಸಹರಿಗಾಗಿ, ಅಂದರೆ ಉಪವಾಸಕ್ಕೆ ಮುಂಚಿನ ಊಟಕ್ಕಾಗಿ, ಎದ್ದಿದ್ದ ಕೆಲವು ಮುಸ್ಲಿಮರು ನೆರೆಯವರ ಬಾಗಿಲು ಬಡಿದು ಎಬ್ಬಿಸಿದರು. ಬೆಳಗಾಗುವಷ್ಟರಲ್ಲಿ ಸುತ್ತಲಿನ ಚರ್ಚುಗಳು, ಮಸೀದಿ ಬಾಗಿಲು ತೆರೆದಿದ್ದವು, ಸಿಖ್ಖರು ಊಟ ತಂದಿದ್ದರು. ಸರ್ಕಾರದ ನೆರವು ಬರುವ ಮುಂಚೆ ಬಂದದ್ದು ಇವರು. ಗುರುದ್ವಾರದ ಲಂಗರಿನಲ್ಲಿ ಊಟಕ್ಕೆ ಕೂತಾಗಲೆಲ್ಲ ನನಗೆ ನಮ್ಮ ಮಠಗಳ ದಾಸೋಹ ನೆನಪಾಗುತ್ತದೆ. ಪಂಕ್ತಿ ಒಂದೇ, ನೆಲ ಒಂದೇ. ನಿನಗೆ ಕೈ ಖಾಲಿಯಾದ ದಿನ ಹೋಗು, ಯಾರೂ ಕಾರಣ ಕೇಳುವುದಿಲ್ಲ. ಕೈ ಖಾಲಿ ಇರದ ದಿನ ಹೋಗಿ ಪಾತ್ರೆ ತೊಳೆ.

ಅಪ್ಪಾಜಿಗೆ ಹೇಳು: ಮಸ್ಕಿ ದಾಟಿ ಬಸ್ಸು ಹೋಗುವಾಗ ಗುಡ್ಡದಲ್ಲಿ ಅಶೋಕನ ಶಾಸನ ಇದೆಯಲ್ಲ, ಆ ಅಶೋಕನದೇ ಇನ್ನೊಂದು ಶಾಸನ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿದೆ. ಅವನ 12ನೇ ಶಾಸನದ ಪಾಠ ಅಲ್ಲಿ ಸಿಕ್ಕಿದೆ. ತನ್ನ ಪಂಥವನ್ನು ಮೆರೆಸಿ ಬೇರೆಯವರದನ್ನು ಹೀಗಳೆಯಬಾರದು, ಒಬ್ಬರ ಧರ್ಮವನ್ನು ಒಬ್ಬರು ಕೇಳಿಸಿಕೊಳ್ಳಬೇಕು ಅಂತ ಅದರ ತಾತ್ಪರ್ಯ. ನಮ್ಮ ನೆಲದ ಕಲ್ಲಿನ ಮೇಲೆ ಬರೆದ ಮಾತು ಇದು.

ಇನ್ನು ಕೋಣೆಯ ವಿಷಯ. ಮುಂಗಡ ಐದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, 2019ರ ಕಾನೂನು. ನೀನು ಕೊಟ್ಟ ಹಣವನ್ನು ಮಾಲೀಕ 30 ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯಲ್ಲಿ ಇಟ್ಟು ನಿನಗೆ ಕಾಗದ ಕೊಡಬೇಕು. ಮಾಲೀಕನೂ ಅದೇ ಮನೆಯಲ್ಲಿ ಇದ್ದರೆ ಹಣವನ್ನು ಯೋಜನೆಯಲ್ಲಿ ಇಡುವ ಈ ರಕ್ಷಣೆ ಇರುವುದಿಲ್ಲ, ಅದನ್ನು ಮೊದಲೇ ಕೇಳು. ಗೋಡೆಯ ಮೂಲೆ, ಕಿಟಕಿ ಸುತ್ತ ಕರಿ ಬೂಷ್ಟು ಇದೆಯೇ ಅಂತ ವಿಡಿಯೋ ಕಾಲಿನಲ್ಲಿ ತೋರಿಸು ಅನ್ನು. ಡಿಗ್ರಿ ಮಟ್ಟದ ಓದಿನ ವೀಸಾದಲ್ಲಿ ಕ್ಲಾಸು ನಡೆಯುವ ದಿನಗಳಲ್ಲಿ ವಾರಕ್ಕೆ 20 ತಾಸು ಮಾತ್ರ ದುಡಿಯಬಹುದು. ಪೇಸ್ಲಿಪ್ ಕೊಡದ ಕಡೆ ಒಂದು ದಿನವೂ ನಿಲ್ಲಬೇಡ.

ನಮ್ಮ ಗುಂಪು ಈಗ ಹಿಡಿದಿರುವುದು ಬಾಡಿಗೆ ಕೋಣೆಗಳ ಇದೇ ಬೂಷ್ಟಿನ ವಿಷಯವನ್ನು. ಮಕ್ಕಳಿಗೆ ಕೆಮ್ಮು ಹಿಡಿದ ಮನೆಗಳ ಪಟ್ಟಿ ಮಾಡುತ್ತಿದ್ದೇವೆ, ಬೀದಿ ಬೀದಿ ಹಂಚಿಕೊಂಡು. ನಿನ್ನ ಬೀದಿ ಯಾರಿಗೂ ಹಂಚಿಕೆಯಾಗಿಲ್ಲ. ಗುರುವಾರ ಸಂಜೆ ಏಳಕ್ಕೆ ಸಭೆ. ಅದೇ ಮೇಲಿನ ಮಹಡಿಯ ಅಕ್ಕ ಈಗ ನಡೆಸುತ್ತಾಳೆ. ಸೆಪ್ಟೆಂಬರಿನ ಯಾವ ದಿನ ಇಳಿಯುತ್ತೀ ಅಂತ ಬರೆ, ಸ್ಟೇಷನ್ನಿಗೆ ನಾನೇ ಬರುತ್ತೇನೆ.