ಮೊದಲು ಗಿಡ, ಆಮೇಲೆ ಮೀನು

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅರವತ್ತು ಸೆಂಟಿಮೀಟರ್ ಉದ್ದದ ಗಾಜಿನ ತೊಟ್ಟಿಯೊಂದನ್ನು ತಂದು, ಅದೇ ದಿನ ಮರಳು ಹಾಸಿ, ನೀರು ತುಂಬಿ, ನಾಲ್ಕು ಗಿಡಗಳನ್ನು ನೆಟ್ಟು, ಹನ್ನೆರಡು ನಿಯಾನ್ ಟೆಟ್ರಾ ಮೀನುಗಳನ್ನು ಬಿಟ್ಟೆವು. ನೀರು ಈಗಲೂ ತಿಳಿಯಾಗಿದೆ. ಆದರೂ ಹತ್ತು ದಿನಗಳಲ್ಲಿ ಏಳು ಮೀನುಗಳು ಸತ್ತವು. ಎರಡು ಬಾರಿ ಪೂರ್ತಿ ನೀರು ಬದಲಿಸಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ನೀರಿನಲ್ಲಿ ತೊಳೆದದ್ದೂ ಆಯಿತು. ತಪ್ಪಿದ್ದೆಲ್ಲಿ?

ಉತ್ತರ: ನಿಮ್ಮ ಪತ್ರದ ‘ಅದೇ ದಿನ’ ಎಂಬ ಎರಡು ಪದಗಳಲ್ಲಿಯೇ ಉತ್ತರ ಅಡಗಿದೆ. ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯಾವನ್ನು ಹೊರಹಾಕುತ್ತಿರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲದ್ದರಿಂದ, ಕಣ್ಣಿಗೆ ಶುದ್ಧವಾಗಿ ಕಾಣುವ ನೀರಿನಲ್ಲಿಯೂ ಮೀನನ್ನು ಕೊಲ್ಲುವಷ್ಟು ವಿಷ ಇರಬಹುದು. ನೀರಿನ ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ) ಮತ್ತು ಉಷ್ಣತೆ ಏರಿದಂತೆ ಈ ವಿಷ ತೀವ್ರವಾಗುತ್ತದೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಶೇಕಡ ಒಂದಕ್ಕಿಂತ ಕಡಿಮೆ ಭಾಗ ಮಾತ್ರ ವಿಷಕಾರಿ ರೂಪದಲ್ಲಿದ್ದರೆ, ಪಿಎಚ್ 8ಕ್ಕೆ ಏರಿದಾಗ ಅದು ಸುಮಾರು ಶೇಕಡ 5ರಷ್ಟಾಗುತ್ತದೆ.

ಹಳೆಯ ತೊಟ್ಟಿಯಲ್ಲಿ ಈ ಅಮೋನಿಯಾವನ್ನು ಒಂದು ಗುಂಪಿನ ಬ್ಯಾಕ್ಟೀರಿಯಗಳು ನೈಟ್ರೈಟ್ ಆಗಿಯೂ, ಇನ್ನೊಂದು ಗುಂಪಿನವು ಆ ನೈಟ್ರೈಟನ್ನು ಅಷ್ಟೇನೂ ಅಪಾಯಕಾರಿಯಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನಡುವಿನ ನೈಟ್ರೈಟ್ ಕೂಡ ಸಾಧುವಲ್ಲ; ಅದು ರಕ್ತಕ್ಕೆ ಸೇರಿದರೆ ರಕ್ತದ ಆಮ್ಲಜನಕ ಹೊರುವ ಶಕ್ತಿ ಕುಗ್ಗಿ, ಮೀನು ನೀರಿನ ಮೇಲ್ಭಾಗಕ್ಕೆ ಬಂದು ಏದುಸಿರು ಬಿಡುತ್ತದೆ. ಈ ಬ್ಯಾಕ್ಟೀರಿಯಗಳು ಬಹಳ ನಿಧಾನವಾಗಿ ಹೆಚ್ಚುವ ಜಾತಿಯವು. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅವು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಸ್ಪಂಜು, ಮರಳು, ಕಲ್ಲು ಮತ್ತು ಎಲೆಗಳಿಗೆ ಅಂಟಿಕೊಂಡು ಬದುಕುತ್ತವೆ. ಕ್ಲೋರಿನ್ ಬೆರೆತ ನಲ್ಲಿಯ ನೀರಿನಲ್ಲಿ ಸ್ಪಂಜನ್ನು ತೊಳೆದಾಗ, ಹತ್ತು ದಿನಗಳಲ್ಲಿ ಅಲ್ಲಿ ಅಷ್ಟಿಷ್ಟು ಕೂಡಿಕೊಂಡಿದ್ದ ಜೀವರಾಶಿಯನ್ನೂ ನೀವು ಕಳೆದುಕೊಂಡಿರಿ. ಸ್ವಚ್ಛತೆಯ ಮೇಲಿನ ಪ್ರೀತಿಯಿಂದ ನಾನೂ ಒಮ್ಮೆ ಇದೇ ಕೆಲಸ ಮಾಡಿದ್ದೇನೆ.

ಉಳಿದ ಐದು ಮೀನುಗಳನ್ನು ಕಾಪಾಡಲು ಮುಂದಿನ ಕೆಲವು ವಾರ ಎರಡು ದಿನಕ್ಕೊಮ್ಮೆ, ಅದೂ ಚಿಟಿಕೆಯಷ್ಟೇ ಆಹಾರ ಕೊಡಿ. ಪ್ರತಿದಿನ ನಾಲ್ಕನೆಯ ಒಂದು ಭಾಗ ನೀರನ್ನು, ತೊಟ್ಟಿಯಲ್ಲಿರುವಷ್ಟೇ ಉಷ್ಣತೆಯ, ಕ್ಲೋರಿನ್ ತೆಗೆದ ನೀರಿನಿಂದ ಬದಲಿಸಿ. ಕ್ಲೋರಿನ್ ಆದರೆ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಹಾರಿಹೋಗುತ್ತದೆ. ಕ್ಲೋರಮಿನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿದ ಸಂಯುಕ್ತ) ಬಳಸಿದ ನೀರಿಗೆ ಈ ಉಪಾಯ ಸಾಲದು, ಅದಕ್ಕೆಂದೇ ದೊರೆಯುವ ದ್ರಾವಣ ಬೇಕು. ಪೂರ್ತಿ ನೀರನ್ನು ಒಮ್ಮೆಲೇ ಬದಲಿಸಬೇಡಿ, ಏಕೆಂದರೆ ಉಷ್ಣತೆ ಮತ್ತು ಪಿಎಚ್ ಹಠಾತ್ತನೆ ಬದಲಾದರೆ ಆ ಆಘಾತವೇ ಮೀನಿಗೆ ಮುಳುವಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ಗಿಡಗಳನ್ನು ಹೆಚ್ಚಿಸಿ. ಎಷ್ಟೋ ಜಲಸಸ್ಯಗಳು ನೈಟ್ರೇಟಿಗಿಂತ ಅಮೋನಿಯಂ (ನೀರಿನಲ್ಲಿ ಅಮೋನಿಯಾ ತಾಳುವ ಇನ್ನೊಂದು ರೂಪ) ರೂಪದ ಸಾರಜನಕವನ್ನೇ ಮೊದಲು ಹೀರಿಕೊಳ್ಳುತ್ತವೆ. ಅಂದರೆ ಮೀನಿಗೆ ವಿಷವಾದದ್ದು ಗಿಡಕ್ಕೆ ಗೊಬ್ಬರ. ಆದರೆ ನಾಲ್ಕು ಗಿಡಗಳಿಂದ ಈ ಕೆಲಸ ಆಗುವುದಿಲ್ಲ. ಹಾರ್ನ್‌ವರ್ಟ್, ವಾಟರ್ ವಿಸ್ಟೇರಿಯಾ, ವ್ಯಾಲಿಸ್ನೇರಿಯಾದಂಥ ಬೇಗ ಬೆಳೆಯುವ ಗಿಡಗಳು ತೊಟ್ಟಿಯ ತಳವನ್ನು ಅರ್ಧಕ್ಕಿಂತ ಹೆಚ್ಚು ಮುಚ್ಚುವಂತಿರಬೇಕು. ಪರಿಚಿತರ ಬಳಿ ಆರೋಗ್ಯವಾಗಿರುವ ಹಳೆಯ ತೊಟ್ಟಿಯಿದ್ದರೆ, ಅದರ ಫಿಲ್ಟರಿನ ಸ್ಪಂಜಿನ ಒಂದು ತುಂಡನ್ನು ಒಣಗದಂತೆ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ವಾರಗಳ ಕಾಯುವಿಕೆಯನ್ನು ಅದು ಬಹಳವಾಗಿ ತಗ್ಗಿಸುತ್ತದೆ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸಿ, ಹಾಗೆಯೇ ಒಂದು ವಾರ ನಿಲ್ಲುವವರೆಗೆ ಹೊಸ ಮೀನು ತರಬೇಡಿ.

ಪ್ರಶ್ನೆ: ಅನುಬಿಯಾಸ್ ಗಿಡ ಬುಡದಿಂದ ಕೊಳೆಯುತ್ತಿದೆ. ಕ್ರಿಪ್ಟೊಕೊರೈನ್‌ನ ಎಲೆಗಳೆಲ್ಲ ಎರಡೇ ವಾರದಲ್ಲಿ ಕರಗಿ ಲೋಳೆಯಾದವು. ಎರಡನ್ನೂ ಕಿತ್ತೆಸೆಯಬೇಕೇ?

ಉತ್ತರ: ಎರಡೂ ಬೇರೆ ಬೇರೆ ಕಥೆಗಳು. ಅನುಬಿಯಾಸ್‌ಗೆ ಎಲೆ ಮತ್ತು ಬೇರುಗಳ ನಡುವೆ ಬೆರಳಿನಂತೆ ಅಡ್ಡಕ್ಕೆ ಮಲಗಿದ ದಪ್ಪ ಕಾಂಡವೊಂದಿರುತ್ತದೆ. ಅದನ್ನು ಮರಳಿನಲ್ಲಿ ಹೂತರೆ ಕೊಳೆಯುವುದು ಬಹುಮಟ್ಟಿಗೆ ಖಚಿತ; ಜಾವಾ ಫರ್ನ್‌ಗೂ ಇದೇ ನಿಯಮ. ಮೆತ್ತಗಾದ ಭಾಗವನ್ನು ಹರಿತವಾದ ಬ್ಲೇಡಿನಿಂದ ಕತ್ತರಿಸಿ ತೆಗೆದು, ಗಟ್ಟಿಯಾಗಿ ಉಳಿದಿರುವ ಕಾಂಡವನ್ನು ಕಲ್ಲಿಗೋ ಮರದ ತುಂಡಿಗೋ ದಾರದಿಂದ ಸಡಿಲವಾಗಿ ಕಟ್ಟಿ. ಬೇರುಗಳು ತಾವಾಗಿಯೇ ಕಲ್ಲನ್ನು ಅಪ್ಪಿಕೊಳ್ಳುತ್ತವೆ.

ಕ್ರಿಪ್ಟೊಕೊರೈನ್ ಸತ್ತಿಲ್ಲ. ಮಾರಾಟಕ್ಕೆ ಬರುವ ಜಲಸಸ್ಯಗಳಲ್ಲಿ ಅನೇಕವನ್ನು ಬೇರು ಮಾತ್ರ ನೀರಿನಲ್ಲಿ, ಎಲೆಗಳು ತೇವದ ಗಾಳಿಯಲ್ಲಿ ಇರುವಂತೆ ಬೆಳೆಸಿರುತ್ತಾರೆ. ಗಾಳಿಗೆಂದು ರೂಪುಗೊಂಡ ಆ ಎಲೆಗಳು ನೀರಿನೊಳಗೆ ಕೆಲಸಕ್ಕೆ ಬಾರದ್ದರಿಂದ ಗಿಡ ಅವನ್ನು ಕಳಚಿಕೊಂಡು, ನೀರಿಗೆ ಹೊಂದುವ ತೆಳುವಾದ ಹೊಸ ಎಲೆಗಳನ್ನು ಬಿಡುತ್ತದೆ. ಕ್ರಿಪ್ಟೊಕೊರೈನ್ ಅಂತೂ ಜಾಗ ಬದಲಿಸಿದರೂ ಮುನಿಸಿಕೊಂಡು ಎಲೆ ಉದುರಿಸುವ ಗಿಡ. ಲೋಳೆಯಾದ ಎಲೆಗಳನ್ನು ತೆಗೆದುಹಾಕಿ, ಬೇರನ್ನು ಅಲುಗಿಸದೆ ಬಿಡಿ. ಬೇರು ಬಿಳಿಯಾಗಿ ಗಟ್ಟಿಯಾಗಿದ್ದರೆ ಮೂರು ನಾಲ್ಕು ವಾರಗಳಲ್ಲಿ ಚಿಗುರು ಕಾಣಬಹುದು. ಅಷ್ಟರಲ್ಲಿ ಮತ್ತೆ ಮತ್ತೆ ಕಿತ್ತು ನೋಡುವ ಕುತೂಹಲವೇ ಅದಕ್ಕೆ ನಿಜವಾದ ಶತ್ರು.

ಪ್ರಶ್ನೆ: ಗಾಜಿನ ಮೇಲೂ ಎಲೆಗಳ ಮೇಲೂ ಹಸಿರು ಪಾಚಿ ಕಟ್ಟಿಕೊಳ್ಳುತ್ತಿದೆ. ಗಿಡಗಳಿಗೆ ಒಳ್ಳೆಯದೆಂದು ಕಿಟಕಿಯ ಪಕ್ಕ ಇಟ್ಟು, ದಿನಕ್ಕೆ ಹನ್ನೆರಡು ಗಂಟೆ ದೀಪವನ್ನೂ ಉರಿಸುತ್ತೇನೆ. ಇಂಗಾಲದ ಡೈಆಕ್ಸೈಡ್‌ನ ಸಿಲಿಂಡರ್ ಹಾಕಿದರೆ ಪಾಚಿ ಹೋಗುವುದೇ?

ಉತ್ತರ: ಮೊದಲು ದೀಪದ ಅವಧಿಯನ್ನು ಆರು ಗಂಟೆಗೆ ಇಳಿಸಿ, ಟೈಮರ್ ಅಳವಡಿಸಿ, ತೊಟ್ಟಿಯನ್ನು ನೇರ ಬಿಸಿಲು ಬೀಳದ ಕಡೆಗೆ ಸರಿಸಿ. ಸರಿಸುವ ಮುನ್ನ ನೀರನ್ನು ಬಹುಪಾಲು ಖಾಲಿ ಮಾಡಲೇಬೇಕು: 60 ಸೆಂಟಿಮೀಟರ್ ಉದ್ದ, 30 ಅಗಲ, 36 ಎತ್ತರದ ತೊಟ್ಟಿ ತುಂಬಿದರೆ ನೀರಿನ ತೂಕವೊಂದೇ ಸುಮಾರು 65 ಕಿಲೋಗ್ರಾಂ. ಬೆಳಕು ಹೆಚ್ಚಿದಷ್ಟೂ ಗಿಡದ ಹಸಿವೂ ಹೆಚ್ಚುತ್ತದೆ. ಆ ಹಸಿವಿಗೆ ತಕ್ಕಷ್ಟು ಇಂಗಾಲವೂ ಪೋಷಕಾಂಶವೂ ಸಿಗದಿದ್ದರೆ ಗಿಡ ಸೊರಗಿ ನಿಲ್ಲುತ್ತದೆ, ಅಲ್ಪದಲ್ಲೇ ಬದುಕಬಲ್ಲ ಪಾಚಿ ಉಳಿದ ಬೆಳಕನ್ನು ತನ್ನದಾಗಿಸಿಕೊಳ್ಳುತ್ತದೆ. ಗಾಜಿನ ಮೇಲೆ ಒಂದಿಷ್ಟು ಪಾಚಿ ಇರುವುದು ಸಹಜವೇ. ವಾರಕ್ಕೊಮ್ಮೆ ಒರೆಸಿದರೆ ಸಾಕು.

ಸಿಲಿಂಡರಿನ ಬಗ್ಗೆ ನನ್ನ ಅಭಿಪ್ರಾಯ ಇಷ್ಟು: ಕೆಂಪು ಎಲೆಯ, ನೆಲಕ್ಕೆ ಹುಲ್ಲಿನಂತೆ ಹರಡುವ ಗಿಡಗಳ ಮೇಲೆ ಆಸೆಯಿದ್ದರೆ ಮಾತ್ರ ಅದು ಬೇಕು. ಅನಿಲ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆಯಾದ್ದರಿಂದ ಜಲಸಸ್ಯಗಳಿಗೆ ಇಂಗಾಲದ ಕೊರತೆ ಇರುವುದು ನಿಜ. ಹಾಗೆಂದು ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಲೀಟರಿಗೆ 30 ಮಿಲಿಗ್ರಾಂ ಮೀರಿದರೆ ಮೀನುಗಳಿಗೆ ಉಸಿರಾಟ ಕಷ್ಟವಾಗತೊಡಗುತ್ತದೆ. ಕತ್ತಲಾದ ಮೇಲೆ ಗಿಡಗಳೂ ಆಮ್ಲಜನಕವನ್ನೇ ಬಳಸುವುದರಿಂದ, ದೀಪ ಆರುವುದಕ್ಕೆ ಒಂದು ಗಂಟೆ ಮೊದಲೇ ಅನಿಲವನ್ನು ನಿಲ್ಲಿಸಬೇಕು. ಮುಂಜಾನೆ ಮೀನುಗಳು ನೀರಿನ ಮೇಲ್ಭಾಗದಲ್ಲಿ ಬಾಯಿ ತೆರೆಯುತ್ತಿದ್ದರೆ ಇಂಥ ಲೆಕ್ಕವೆಲ್ಲೋ ತಪ್ಪಿದೆಯೆಂದೇ ತಿಳಿಯಿರಿ. ಸಿಲಿಂಡರಿನ ಗೊಡವೆ ಬೇಡವೆನ್ನುವವರಿಗೆ ಅಂತರಗಂಗೆಯಂಥ ತೇಲುಗಿಡಗಳಿವೆ. ಅವು ಇಂಗಾಲವನ್ನು ನೇರವಾಗಿ ಗಾಳಿಯಿಂದ ಪಡೆದು, ನೀರಿನಲ್ಲಿರುವ ನೈಟ್ರೇಟನ್ನು ಚುರುಕಾಗಿ ಹೀರಿ, ನೆರಳನ್ನೂ ಕೊಡುತ್ತವೆ. ಮೇಲ್ಮೈಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹಬ್ಬದಂತೆ ನೋಡಿಕೊಳ್ಳಿ, ಮತ್ತು ತೆಗೆದ ಗಿಡಗಳನ್ನು ಎಂದಿಗೂ ಕೆರೆ ಹೊಳೆಗಳಿಗೆ ಎಸೆಯಬೇಡಿ.

ಪ್ರಶ್ನೆ: ನಾವು ತರದಿದ್ದರೂ ತೊಟ್ಟಿಯಲ್ಲಿ ಪುಟ್ಟ ಬಸವನಹುಳುಗಳು ಕಾಣಿಸಿಕೊಂಡಿವೆ. ಔಷಧಿ ಹಾಕಿ ಕೊಲ್ಲಬೇಕೇ?

ಉತ್ತರ: ಬೇಡ. ಗಿಡಗಳಿಗೆ ಅಂಟಿದ್ದ ಮೊಟ್ಟೆಗಳಿಂದ ಅವು ಬಂದಿವೆ. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞರು 1850ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಚಿನ್ನದ ಮೀನು ಮತ್ತು ವ್ಯಾಲಿಸ್ನೇರಿಯಾ ಗಿಡ ಎರಡನ್ನೇ ಇಟ್ಟಾಗ ಕೊಳೆತ ಎಲೆಗಳಿಂದ ನೀರು ಕೆಟ್ಟಿತು. ಬಸವನಹುಳುಗಳನ್ನು ಬಿಟ್ಟ ಮೇಲೆ, ಅವು ಆ ಕೊಳೆತವನ್ನು ತಿಂದು, ತೊಟ್ಟಿ ಸುಸ್ಥಿತಿಗೆ ಬಂದಿತು. ನಿಮ್ಮಲ್ಲಿ ಅವು ಮಿತಿಮೀರಿ ಹೆಚ್ಚುತ್ತಿದ್ದರೆ ಮೀನಿಗೆ ಹಾಕುವ ಆಹಾರ ಹೆಚ್ಚಾಗಿದೆ ಎಂದರ್ಥ. ಬಸವನಹುಳುವನ್ನು ಕೊಲ್ಲುವ ತಾಮ್ರದ ಔಷಧಿಗಳು ಸೀಗಡಿಗಳನ್ನೂ ಕೊಲ್ಲುತ್ತವೆ, ಗಿಡಗಳಿಗೂ ಹಾನಿ ಮಾಡಬಲ್ಲವು; ಜೊತೆಗೆ ಸತ್ತ ಹುಳುಗಳು ಕೊಳೆತು ಮತ್ತೆ ಅಮೋನಿಯಾವನ್ನೇ ಹುಟ್ಟಿಸುತ್ತವೆ. ಆಹಾರವನ್ನು ಎರಡು ನಿಮಿಷಗಳಲ್ಲಿ ಮೀನುಗಳು ತಿಂದು ಮುಗಿಸುವಷ್ಟಕ್ಕೆ ಇಳಿಸಿ.