ಮದ್ದು ತುಂಬಿದವನು ಎಲ್ಲಿ ಹೋದ?

ನಮಸ್ಕಾರ,

ನಿಮ್ಮ ಕಥೆ ಓದಿದೆ. ಸದ್ಯಕ್ಕೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಟ್ಟುಬಿಡಿ ಅಂತಲೂ ಹೇಳುತ್ತಿಲ್ಲ.

1872. ದಂತದ ಆಸೆಗೆ ಆಫ್ರಿಕಾದ ಮತಾಬೆಲೆ ನಾಡಿಗೆ ಹೋದ ಇಂಗ್ಲಿಷ್ ಹುಡುಗ. ಸಲಗ ಮೈಮೇಲೆ ಬರುತ್ತದೆ. ಕುದುರೆ ಮೇಲಿಂದಲೇ ಮೂರು ಈಡು ಹೊಡೆಯುತ್ತಾನೆ, ಆನೆ ಕಾಲಬುಡದಲ್ಲಿ ಬೀಳುತ್ತದೆ. ಇಷ್ಟೇ ಅಲ್ವಾ?

ಅವನ ಕೈಯಲ್ಲಿರುವುದು ನಳಿಗೆಯ ಬಾಯಿಂದ ತುಂಬುವ ಕೋವಿ ಅಂತ ನೀವೇ ಮೊದಲ ಪುಟದಲ್ಲಿ ಬರೆದಿದ್ದೀರಿ. ನಾಲ್ಕನೇ ಪುಟದಲ್ಲಿ ಅವನು ಮದ್ದು-ಗುಂಡು ಸುತ್ತಿಟ್ಟ ಕಾಗದದ ತೋಟಾವನ್ನು ಹಿಂದಿನಿಂದ ತೂರಿಸುತ್ತಾನೆ! ಆ ತೋಟಾವನ್ನು ಹಲ್ಲಿನಿಂದ ಹರಿಯಬೇಕು. ಮದ್ದನ್ನು ನಳಿಗೆಗೆ ಸುರಿಯಬೇಕು. ಮೇಲೆ ಗುಂಡು ಇಟ್ಟು ಗಜದಿಂದ, ಅಂದರೆ ಉದ್ದನೆಯ ಕೋಲಿನಿಂದ, ತಳದವರೆಗೆ ತಳ್ಳಬೇಕು. ಆಮೇಲೆ ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಕೂರಿಸಬೇಕು. ತುಟಿಯೆಲ್ಲ ಕಪ್ಪಾಗುತ್ತದೆ, ಬಾಯಿ ಉಪ್ಪುಪ್ಪು. ಕೈ ನಡುಗಿದರೆ ಮದ್ದು ಅರ್ಧ ನೆಲಕ್ಕೆ. ಮಲೆನಾಡಲ್ಲಿ ಕೇಪಿನ ಕೋವಿ ಹಿಡಿದ ಹಿರಿಯರು ಯಾರಾದರೂ ಸಿಕ್ಕರೆ ಕೇಳಿ, ಚೆನ್ನಾಗಿ ಹೇಳುತ್ತಾರೆ. ನಿಮ್ಮ ಕಥೆಯ ಜೀವ ಇರುವುದೇ ಈ ಹೊತ್ತಿನಲ್ಲಿ. ಅದನ್ನೇ ನೀವು ಹಾರಿಸಿಬಿಟ್ಟಿದ್ದೀರಿ.

ಈಡು ಹಾರಿದ ಕ್ಷಣವೇ ಅವನಿಗೆ ಆನೆಯ ಕಣ್ಣಲ್ಲಿ ಹನಿ ಕಾಣುತ್ತದಂತೆ. ಕರಿಮದ್ದಿನ ದಟ್ಟ ಬಿಳಿ ಹೊಗೆಯಲ್ಲಿ ಆನೆಯೇ ಕಾಣುವುದು ಕಷ್ಟ, ಹನಿ ಎಲ್ಲಿಂದ ಬಂತು? ಬೇಟೆಯ ಕಥೆ ಅಂದಮೇಲೆ ಪ್ರಾಣಿ ಅಳಲೇಬೇಕು ಅಂತ ಯಾರು ಹೇಳಿಕೊಟ್ಟರೋ. ಕುದುರೆಯನ್ನೂ ಬಿಡಿ. ಅಲ್ಲಿ ಕಚ್ಚಿ ರೋಗ ಹರಡುವ ತ್ಸೆತ್ಸೆ ನೊಣ ಇರುವ ಕಾಡಿನಲ್ಲಿ ಕುದುರೆ ಬದುಕುತ್ತಿರಲಿಲ್ಲ. ಇಂಗ್ಲಿಷ್ ಬೇಟೆಗಾರ ಫ್ರೆಡರಿಕ್ ಸೆಲೂ ಅದೇ ಕಾಲದಲ್ಲಿ, ಅದೇ ನಾಡಿನಲ್ಲಿ ಆನೆಗಳ ಹಿಂದೆ ಕಾಲ್ನಡಿಗೆಯಲ್ಲೇ ಓಡಿದ್ದು.

ಸೆಲೂ ಹತ್ತೊಂಬತ್ತಕ್ಕೇ ಆಫ್ರಿಕಾಕ್ಕೆ ಬಂದವನು. ಅವನದು ನಾಲ್ಕು ಬೋರಿನ ಕೋವಿ. ಒಂದು ಪೌಂಡ್ ಸೀಸಕ್ಕೆ ನಾಲ್ಕೇ ಗುಂಡು, ಒಂದೊಂದೂ ಸುಮಾರು 113 ಗ್ರಾಂ. ತೋಟಾ ಗೀಟಾ ಏನಿಲ್ಲ. ಸೊಂಟದ ಚರ್ಮದ ಚೀಲಕ್ಕೆ ಕೈ ಹಾಕಿ, ಸಿಕ್ಕಷ್ಟು ಮದ್ದು ತೆಗೆದು, ಓಡುತ್ತಲೇ ತುಂಬುತ್ತಿದ್ದ. ಒಂದು ಸಲ ಈಡು ಹಾರಲಿಲ್ಲ. ಕೋವಿ ಹೊರುವವನು ಹಾರಿದೆ ಅಂದುಕೊಂಡು ಅದರ ಮೇಲೆ ಇನ್ನೊಂದು ಈಡು ತುಂಬಿ ಕೊಟ್ಟ. ಸೆಲೂ ಹೊಡೆದ. ಒದೆತಕ್ಕೆ ನೆಲಬಿಟ್ಟು ಎದ್ದು ಬಿದ್ದ. ಮುಖವೆಲ್ಲ ರಕ್ತ, ಕೋವಿಯ ಹಿಡಿ ಚೂರು.

ಇಲ್ಲಿ ಗಾಬರಿಯಲ್ಲಿ ಮದ್ದು ತುಂಬಿದವನು ಏನು ಯೋಚಿಸಿದ? ಒಡೆಯ ಬಿದ್ದಾಗ ಓಡಿದನೋ, ನಿಂತನೋ? ನಿಮ್ಮ ಕಥೆಯಲ್ಲಿ ಕೋವಿ ಹೊರುವವನಿಗೆ ಸಿಕ್ಕಿದ್ದು ಒಂದೇ ಸಾಲು: 'ಆಳು ಕೋವಿ ಕೊಟ್ಟನು.' ನಾನಾಗಿದ್ದರೆ ಇಡೀ ಕಥೆಯನ್ನು ಅವನ ಬಾಯಿಂದಲೇ ಹೇಳಿಸುತ್ತಿದ್ದೆ.

ಚಿಟಿಕೆ ಬೂದಿ ಉದುರಿಸಿ ಗಾಳಿ ಎತ್ತ ಬೀಸುತ್ತಿದೆ ಅಂತ ನೋಡುವ ಭಾಗ ತುಂಬಾ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. 'ಮೃತ್ಯುವಿನ ತಾಂಡವ' ಮೂರು ಕಡೆ ಬಂದಿದೆ, ಮೂರನ್ನೂ ಕಿತ್ತುಹಾಕಿ. ಆ ಆಳಿಗೆ ಒಂದು ಹೆಸರಿಡಿ. ಎರಡು ಸಾವಿರ ಪದ ದಾಟದಂತೆ ಬರೆದು ಮತ್ತೆ ಕಳಿಸಿ, ಓದುತ್ತೇನೆ.

— ಸಂಪಾದಕ