ಆಟದ ನಾಣ್ಯ ಹೊರಗೆ ಮಾರಾಟವಾದರೆ?

ಪ್ರಶ್ನೆ: ನಾವು ರೂಪಿಸಿದ ಆನ್‌ಲೈನ್ ಆಟದ ನಾಣ್ಯಗಳನ್ನು ಕೆಲವರು ಹೊರಗೆ ರೊಕ್ಕಕ್ಕೆ ಮಾರುತ್ತಿದ್ದಾರೆ. ಆಟಗಾರರ ನಡುವಿನ ಕೊಡುಕೊಳ್ಳುವಿಕೆಯನ್ನೇ ನಿಲ್ಲಿಸಬಹುದೇ?

ಉತ್ತರ: ದಯವಿಟ್ಟು ಬೇಡ. ‘ರೂನ್‌ಸ್ಕೇಪ್’ ಎಂಬ ಆನ್‌ಲೈನ್ ಆಟ ಇಂಥ ಮಾರಾಟ ತಡೆಯಲು 2008ರ ಜನವರಿಯಲ್ಲಿ ಏಕಪಕ್ಷೀಯ ವಿನಿಮಯಕ್ಕೆ, ಅಂದರೆ ಸಮಬೆಲೆಯದನ್ನು ಪಡೆಯದೆ ಕೊಡುವುದಕ್ಕೆ, ಬಿಗಿಯಾದ ಮಿತಿ ಹಾಕಿತು. ಅದರಿಂದ ಗೆಳೆಯನಿಗೊಂದು ಕತ್ತಿ ಉಡುಗೊರೆ ಕೊಡುವುದೂ ಕಷ್ಟವಾಯಿತು. ಆಟಗಾರರ ಮತ ಕೇಳಿ, 2011ರ ಫೆಬ್ರುವರಿಯಲ್ಲಿ ಮುಕ್ತ ವಿನಿಮಯವನ್ನು ಮರಳಿ ತರಬೇಕಾಯಿತು. 2013ರಲ್ಲಿ ಅದೇ ಆಟಕ್ಕೆ ಬಂದ ‘ಬಾಂಡ್’ ಎಂಬ ವಸ್ತು ಜಾಣ ದಾರಿ: ಒಬ್ಬರು ಅದನ್ನು ಕಂಪನಿಯಿಂದ ದುಡ್ಡು ಕೊಟ್ಟು ಕೊಂಡು ಆಟದೊಳಗೆ ಮಾರುತ್ತಾರೆ, ಇನ್ನೊಬ್ಬರು ನಾಣ್ಯ ಕೊಟ್ಟು ಪಡೆದು ಸದಸ್ಯತ್ವಕ್ಕೆ ಬಳಸುತ್ತಾರೆ. ಆದರೂ ಬಾಟ್‌ಗಳು (ಮನುಷ್ಯರ ಬದಲು ತಾವೇ ಆಡುವ ತಂತ್ರಾಂಶಗಳು) ಗಳಿಸಿದ ನಾಣ್ಯ ಅಗ್ಗವಾಗಿದ್ದರೆ ಕಳ್ಳಸಂತೆ ಉಳಿದೇ ಉಳಿಯುತ್ತದೆ.

ನೀವು ಮೊದಲು ಹೊಸ ಖಾತೆಗಳ ವಿನಿಮಯವನ್ನು 14 ದಿನ ತಡೆಯಿರಿ. ನೀವೂ ಬಾಂಡ್ ತಂದರೆ ಅದು ಒಮ್ಮೆ ಮಾತ್ರ ಕೈ ಬದಲಾಗಲಿ. ಇಲ್ಲವಾದರೆ ಅದೇ ಇನ್ನೊಂದು ನಾಣ್ಯವಾಗಿಬಿಡುತ್ತದೆ. ಬಾಂಡನ್ನು ಕದ್ದ ಕಾರ್ಡಿನಿಂದ ಕೊಂಡಿದ್ದರೆ ಬ್ಯಾಂಕು ನಿಮ್ಮಿಂದ ಹಣ ವಾಪಸು ಪಡೆಯುತ್ತದೆ, ಆ ಹೊತ್ತಿಗೆ ಬಾಂಡ್ ಬಳಕೆಯಾಗಿರುತ್ತದೆ. ಹಾಗಾಗಿ ಮೊದಲ ಖರೀದಿಯನ್ನು ಕೆಲ ದಿನ ತಡೆಹಿಡಿಯುವುದು ಒಳಿತು. ಬೆಲೆಗೆ ಹೊಂದದ ವಿನಿಮಯವನ್ನೆಲ್ಲ ದಾಖಲಿಸಿ. ಮಾರಿದವರಷ್ಟೇ ಅಲ್ಲ, ಕೊಂಡವರ ನಾಣ್ಯವನ್ನೂ ಮುಟ್ಟುಗೋಲು ಹಾಕಿಕೊಳ್ಳಿ.